ಜರ್ಮನಿಯಲ್ಲಿ ಮೊದಲ ಸೆಮಿಸ್ಟರ್: ಯಾವ ಕಾಗದ ಮೊದಲು, ಯಾವುದು ಆಮೇಲೆ

ಪ್ರತಿ ಅಕ್ಟೋಬರ್‌ನಲ್ಲೂ ಹೊಸದಾಗಿ ಬಂದವರಿಂದ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. ಬ್ಲಾಕ್ಡ್ ಅಕೌಂಟ್‌ನಲ್ಲಿ (ವೀಸಾಗೆ ಅಂತ ವರ್ಷದ ಖರ್ಚಿನ ಹಣ ಮೊದಲೇ ಕಟ್ಟಿಟ್ಟ ಖಾತೆ) ದುಡ್ಡಿದೆ, ಕೈಗೆ ಬರುತ್ತಿಲ್ಲ. ರೂಮ್ ಸಿಕ್ಕಿದೆ, ಆದರೆ ಆ ವಿಳಾಸದಲ್ಲಿ ರಿಜಿಸ್ಟರ್ ಮಾಡಿಸೋಕೆ ಓನರ್ ಒಪ್ಪುತ್ತಿಲ್ಲ. ವೀಸಾ ಮುಂದಿನ ತಿಂಗಳು ಮುಗಿಯುತ್ತೆ, ಅಪಾಯಿಂಟ್‌ಮೆಂಟ್ ಇನ್ನೂ ಸಿಕ್ಕಿಲ್ಲ, ಜನವರಿಯಲ್ಲಿ ಊರಲ್ಲಿ ಅಕ್ಕನ ಮದುವೆ ಬೇರೆ ಇದೆ. ಕೇಳಿ ನೋಡಿದರೆ ಮಾಡಬೇಕಾದ ಕೆಲಸವನ್ನೆಲ್ಲ ಮಾಡಿರುತ್ತಾರೆ, ಹಿಂದುಮುಂದಾಗಿ ಮಾಡಿರುತ್ತಾರೆ ಅಷ್ಟೆ.

ಇಲ್ಲಿ ಒಂದು ಕಾಗದ ಇನ್ನೊಂದಕ್ಕೆ ಕಾಯುತ್ತದೆ. ಇನ್ಶೂರೆನ್ಸ್ ಇಲ್ಲದೆ ಯೂನಿವರ್ಸಿಟಿ ಸೇರಿಸಿಕೊಳ್ಳಲ್ಲ. ಮನೆ ಓನರ್ ಸಹಿ ಇಲ್ಲದೆ ವಿಳಾಸ ರಿಜಿಸ್ಟರ್ ಆಗಲ್ಲ. ವಿಳಾಸ ರಿಜಿಸ್ಟರ್ ಆಗದೆ ಟ್ಯಾಕ್ಸ್ ನಂಬರ್ ಬರಲ್ಲ, ಎಷ್ಟೋ ಸಲ ಬ್ಯಾಂಕ್ ಕೆಲಸವೂ ಮುಂದೆ ಹೋಗಲ್ಲ. ಇವೆಲ್ಲ ಸೇರಿದ ಮೇಲೆ ರೆಸಿಡೆನ್ಸ್ ಪರ್ಮಿಟ್. ಈ ಸರತಿ ಗೊತ್ತಿದ್ದರೆ ಮೂರು ತಿಂಗಳ ಒದ್ದಾಟ ಅರ್ಧಕ್ಕರ್ಧ ಕಡಿಮೆಯಾಗುತ್ತೆ.

ಎಪಿಎಸ್ ಸರ್ಟಿಫಿಕೇಟ್ (ನಮ್ಮ ಡಿಗ್ರಿ ಕಾಗದಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ), ಅಡ್ಮಿಷನ್, ಬ್ಲಾಕ್ಡ್ ಅಕೌಂಟ್, ವೀಸಾ ಇಷ್ಟು ಮುಗಿದಿದೆ ಅಂದುಕೊಂಡು ಶುರು ಮಾಡುತ್ತೇನೆ. ಅಲ್ಲಿಯವರೆಗಿನ ದಾರಿ ಹೇಳಿಕೊಡುವವರು ಬೆಂಗಳೂರಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ವಿಮಾನ ಇಳಿದ ಮೇಲಿನದ್ದನ್ನು ಹೇಳುವವರು ಕಡಿಮೆ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ಹ್ಯಾಂಡ್ ಬ್ಯಾಗೇಜ್‌ನಲ್ಲಿ ಒಂದು ಫೈಲು. ಪಾಸ್‌ಪೋರ್ಟ್, ಅಡ್ಮಿಷನ್ ಲೆಟರ್, ಎಪಿಎಸ್, ಡಿಗ್ರಿ ಸರ್ಟಿಫಿಕೇಟ್, ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್, ಬ್ಲಾಕ್ಡ್ ಅಕೌಂಟ್ ದೃಢೀಕರಣ, ಇನ್ಶೂರೆನ್ಸ್ ಪತ್ರ, ಬಾಡಿಗೆ ಕರಾರು. ಒರಿಜಿನಲ್ ಜೊತೆಗೆ ಎರಡೆರಡು ಜೆರಾಕ್ಸ್. ಚೆಕ್-ಇನ್ ಲಗೇಜ್‌ನಲ್ಲಿ ಒರಿಜಿನಲ್ ಇಡಬೇಡಿ. ಸೂಟ್‌ಕೇಸ್ ಒಂದು ವಾರ ತಡವಾಗಿ ಬಂದರೆ ಬಟ್ಟೆ ಕೊಂಡುಕೊಳ್ಳಬಹುದು, ಮಾರ್ಕ್ಸ್ ಕಾರ್ಡ್ ಆಗಲ್ಲ.

ಇಂಡಿಯಾದ ಸಿಮ್. ನಮ್ಮ ಬ್ಯಾಂಕ್ ಓಟಿಪಿ ಬರುವುದು ಆ ನಂಬರಿಗೆ. ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುತ್ತದೆಯಾ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ. ಆ ಸಿಮ್ ಅನ್ನು ಅಪ್ಪನ ಹಳೇ ಫೋನಿಗೆ ಹಾಕಿ ಬರುವವರು ಫೋರೆಕ್ಸ್ ಕಾರ್ಡ್ ಬ್ಲಾಕ್ ಆದ ದಿನ ರಾತ್ರಿ ಎರಡಕ್ಕೆ ಅಪ್ಪನನ್ನು ಎಬ್ಬಿಸಬೇಕಾಗುತ್ತದೆ.

ಕೈಗೆ ಸಿಗುವ ಹಣ. ಬ್ಲಾಕ್ಡ್ ಅಕೌಂಟ್‌ನ ಹಣ ಇಳಿದ ದಿನವೇ ಸಿಗುವುದಿಲ್ಲ, ತಿಂಗಳು ಕೂಡ ಹಿಡಿಯಬಹುದು. ಮನೆ ಅಡ್ವಾನ್ಸ್, ಮೊದಲ ಬಾಡಿಗೆ, ಊಟ, ಪಾತ್ರೆ, ಹಾಸಿಗೆ ಎಲ್ಲ ಅದಕ್ಕೂ ಮೊದಲೇ ಬರುವ ಖರ್ಚು. ಲೆಕ್ಕ ಹಾಕಿ ನೋಡಿ: ಬರೀ ಬಾಡಿಗೆ 450 ಯೂರೋ ಇದ್ದರೆ ಅಡ್ವಾನ್ಸ್ 1350ರವರೆಗೂ ಹೋಗಬಹುದು, ಮೇಲೆ ಖರ್ಚು ಸೇರಿದ ಮೊದಲ ತಿಂಗಳ ಬಾಡಿಗೆ. ಫೋರೆಕ್ಸ್ ಕಾರ್ಡ್‌ನಲ್ಲಿ 2000ದಿಂದ 2500 ಯೂರೋ ಇದ್ದರೆ ನಿದ್ದೆ ಬರುತ್ತದೆ.

ಇನ್ನೊಂದೆರಡು ಚಿಲ್ಲರೆ ಸಾಮಾನು: ದಪ್ಪ ಕಪ್ಪು ಮಾರ್ಕರ್, ಅಗಲವಾದ ಟೇಪ್. ಯಾಕೆ ಅಂತ ಹಂತ 4ರಲ್ಲಿ ಹೇಳುತ್ತೇನೆ.

## ಹಂತ 1: ಊರಲ್ಲಿದ್ದಾಗಲೇ ಇನ್ಶೂರೆನ್ಸ್ ಮತ್ತು ಎನ್‌ರೋಲ್‌ಮೆಂಟ್

ಅಡ್ಮಿಷನ್ ಲೆಟರ್ ಬಂದರೆ ಸೀಟು ಸಿಕ್ಕಿತು ಅಂತ ಅರ್ಥ, ಸ್ಟೂಡೆಂಟ್ ಆದಿರಿ ಅಂತಲ್ಲ. ಎನ್‌ರೋಲ್ ಆಗಬೇಕು. ಅದಕ್ಕೆ ಹೆಲ್ತ್ ಇನ್ಶೂರೆನ್ಸ್ ಇದೆ ಅಂತ ಇನ್ಶೂರೆನ್ಸ್ ಸಂಸ್ಥೆಯೇ ಯೂನಿವರ್ಸಿಟಿಗೆ ಕಂಪ್ಯೂಟರ್ ಮೂಲಕ ತಿಳಿಸಬೇಕು. ಈ ಸಂದೇಶಕ್ಕೆ ಎಂ10 ಅಂತಾರೆ. ನೀವು ಪಿಡಿಎಫ್ ಕಳಿಸಿದರೆ ಲೆಕ್ಕಕ್ಕಿಲ್ಲ. ಟಿಕೆ, ಎಒಕೆ, ಬಾರ್ಮರ್ ಇಂಥ ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದನ್ನು ಆರಿಸಿ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, "ನನ್ನ ಯೂನಿವರ್ಸಿಟಿಗೆ ಎಂ10 ಕಳಿಸಿ" ಅಂತ ಬರೆದು ಕೇಳಿ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ತಿಂಗಳಿಗೆ 150 ಯೂರೋ ಆಸುಪಾಸು ಬೀಳುತ್ತದೆ.

ಇಲ್ಲಿ ಎಡವುವವರು ಬಹಳ. ಏಜೆಂಟ್ ಒಬ್ಬರು ತಿಂಗಳಿಗೆ ಮೂವತ್ತು ನಲವತ್ತು ಯೂರೋದ ಪ್ರೈವೇಟ್ ಪಾಲಿಸಿ ತೋರಿಸುತ್ತಾರೆ, ವರ್ಷಕ್ಕೆ ಸಾವಿರ ಯೂರೋ ಉಳಿಯುತ್ತೆ ಅನ್ನುತ್ತಾರೆ. ಅದನ್ನು ತಗೊಂಡು ಸಾರ್ವಜನಿಕ ಇನ್ಶೂರೆನ್ಸ್ ಬೇಡ ಅಂತ ಬರೆದುಕೊಟ್ಟರೆ ಆ ಓದು ಮುಗಿಯುವವರೆಗೂ ವಾಪಸ್ ಬರಲಾಗುವುದಿಲ್ಲ. ಹಲ್ಲು ನೋವು, ಹಳೇ ಕಾಯಿಲೆ, ಮನಸ್ಸಿನ ಚಿಕಿತ್ಸೆ ಅಂತ ಹೋದಾಗ ಆ ಪಾಲಿಸಿ ಏನೇನು ಕೊಡಲ್ಲ ಅಂತ ಗೊತ್ತಾಗುತ್ತದೆ. 30 ದಾಟಿದವರ ವಿಷಯ ಬೇರೆ, ಅವರಿಗೆ ವಿದ್ಯಾರ್ಥಿ ದರ ಸಿಗಲ್ಲ, ಅವರು ಪ್ರೈವೇಟ್ ನೋಡಲೇಬೇಕಾಗಬಹುದು.

ಸೆಪ್ಟೆಂಬರ್ ಮಧ್ಯದಲ್ಲಿ ಇಳಿದು ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗುವುದಾದರೆ ನಡುವಿನ ದಿನಗಳಿಗೆ ಟ್ರಾವೆಲ್ ಇನ್ಶೂರೆನ್ಸ್ ಬೇಕು. ವೀಸಾಗೆ ಮಾಡಿಸಿದ್ದೇ ಸಾಕಾಗುತ್ತದೆ, ತಾರೀಖು ನೋಡಿಕೊಳ್ಳಿ.

ಎನ್‌ರೋಲ್‌ಮೆಂಟ್‌ಗೆ ಸೆಮಿಸ್ಟರ್ ಫೀ ಕಟ್ಟಬೇಕು, ಹೆಚ್ಚಿನ ಕಡೆ 100ರಿಂದ 400 ಯೂರೋ ಒಳಗೆ. ಜರ್ಮನಿಯಲ್ಲಿ ಓದು ಫ್ರೀ ಅನ್ನೋ ಮಾತು ಎಲ್ಲ ಕಡೆಗೂ ನಿಜವಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ 2017ರಿಂದ ಸೆಮಿಸ್ಟರಿಗೆ 1500 ಯೂರೋ ಫೀಸ್ ಇದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ, ಅಂದರೆ ಟಿಯುಎಂನಲ್ಲಿ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವವರಿಗೆ ಮಾಸ್ಟರ್ಸ್ ಫೀಸ್ ಸೆಮಿಸ್ಟರಿಗೆ 4000ದಿಂದ 6000 ಯೂರೋ.

ವೀಸಾ ತಡವಾಗಿ ಎನ್‌ರೋಲ್‌ಮೆಂಟ್ ಗಡುವು ದಾಟುವ ಲಕ್ಷಣ ಕಂಡರೆ ಗಡುವಿಗೆ ಮೊದಲೇ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಮಾಡಿ. ಕೊನೇ ದಿನಾಂಕ ಯಾವುದು ಅಂತ ಬರಹದಲ್ಲಿ ತರಿಸಿಕೊಳ್ಳಿ. ಗಡುವು ಮುಗಿದ ಮಾರನೇ ದಿನ ಕಳಿಸಿದ ಮೇಲ್‌ಗೆ ಇಲ್ಲಿ ಮರುಕ ಸಿಗುತ್ತದೆ, ಸೀಟು ಸಿಗಲ್ಲ.

## ಹಂತ 2: ಮನೆ, ರಿಜಿಸ್ಟರ್ ಮಾಡಿಸಲು ಬಿಡುವ ಮನೆ

ಸ್ಟೂಡೆಂಟ್ ಹಾಸ್ಟೆಲ್‌ಗಳನ್ನು ನಡೆಸುವುದು ಊರೂರಿನ ಸ್ಟುಡಿಯರೆಂಡನ್‌ವೆರ್ಕ್. ಅಡ್ಮಿಷನ್ ಬಂದ ದಿನವೇ ಅಲ್ಲಿ ಅರ್ಜಿ ಹಾಕಿ, ವೀಸಾಗೆ ಕಾಯಬೇಡಿ. ದೊಡ್ಡ ಊರುಗಳಲ್ಲಿ ಒಂದು ಎರಡು ಸೆಮಿಸ್ಟರ್ ಕಾಯಿಸುತ್ತಾರೆ. ಜೊತೆಗೇ ವೇಗೇ-ಗೆಜುಖ್ಟ್ ಸೈಟ್‌ನಲ್ಲಿ ಶೇರ್ ಮನೆಗಳನ್ನು ಹುಡುಕಿ. ಎಲ್ಲರಿಗೂ ಕಾಪಿ ಪೇಸ್ಟ್ ಮೆಸೇಜ್ ಹೊಡೆದರೆ ಉತ್ತರ ಬರಲ್ಲ. ಜಾಹೀರಾತಿನಲ್ಲಿ ಅವರು ಬರೆದ ಒಂದು ವಿಷಯವನ್ನು ಹಿಡಿದು ನಾಲ್ಕು ಸಾಲು ಜರ್ಮನ್‌ನಲ್ಲಿ ಬರೆಯಿರಿ. ಯಾವ ಕೋರ್ಸ್, ಯಾವತ್ತಿನಿಂದ, ಎಷ್ಟು ತಿಂಗಳು ಅಂತ ಹೇಳಿ.

ಬಾಡಿಗೆ ಎರಡು ಥರ ಬರೆದಿರುತ್ತದೆ. ಕಾಲ್ಟ್ ಅಂದರೆ ಬರೀ ಗೋಡೆ ನೆಲದ ಬಾಡಿಗೆ. ವಾರ್ಮ್ ಅಂದರೆ ಹೀಟಿಂಗ್, ನೀರು, ಕಸ ಸೇರಿದ್ದು. ಕರೆಂಟ್ ಮತ್ತು ಇಂಟರ್‌ನೆಟ್ ಎಷ್ಟೋ ಸಲ ವಾರ್ಮ್‌ನಲ್ಲೂ ಇರಲ್ಲ, ಕೇಳಿಯೇ ಸಹಿ ಹಾಕಿ. ಅಡ್ವಾನ್ಸ್ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆ ಮೀರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬಂದವರಿಗೆ ಇದು ಖುಷಿಯ ವಿಷಯ. ಇನ್ನೊಂದು ಮಾತು, ಇಲ್ಲಿ ಚುಕ್ಕಿ ಮತ್ತು ಕಾಮಾ ಅದಲುಬದಲು. 1.350 ಅಂದರೆ ಸಾವಿರದ ಮುನ್ನೂರೈವತ್ತು.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: "ಈ ವಿಳಾಸದಲ್ಲಿ ನಾನು ಆನ್‌ಮೆಲ್ಡುಂಗ್, ಅಂದರೆ ವಿಳಾಸದ ರಿಜಿಸ್ಟ್ರೇಷನ್, ಮಾಡಿಸಬಹುದಾ?" ಇಲ್ಲ ಅಂದರೆ ಆ ರೂಮ್ ಎಷ್ಟೇ ಚೆನ್ನಾಗಿರಲಿ ಬಿಟ್ಟುಬಿಡಿ. ಮೊದಲ ತಿಂಗಳು ಹೇಗೋ ತಳ್ಳೋಣ ಅಂತ ಟೂರಿಸ್ಟ್ ಹಾಸ್ಟೆಲ್ ಬೆಡ್ಡಿನಲ್ಲೋ ಸ್ನೇಹಿತರ ರೂಮಲ್ಲೋ ಇದ್ದರೆ ಮುಂದಿನ ಹಂತಗಳೆಲ್ಲ ಅಷ್ಟು ದಿನ ಹಿಂದಕ್ಕೆ ಹೋಗುತ್ತವೆ. ತಾತ್ಕಾಲಿಕವಾಗಿ ಇರಲೇಬೇಕಾದರೆ ಯಾರೋ ರಜೆಗೆ ಹೋದಾಗ ಕೊಡುವ ಮೂರು ತಿಂಗಳ ಸಬ್‌ಲೆಟ್ ನೋಡಿ. ಓನರ್ ಒಪ್ಪಿಗೆ ಇದ್ದು ಮುಖ್ಯ ಬಾಡಿಗೆದಾರರು ಸಹಿ ಹಾಕಿಕೊಟ್ಟರೆ ರಿಜಿಸ್ಟರ್ ಆಗುತ್ತದೆ.

ಮೋಸದ ಲಕ್ಷಣಗಳು ವರ್ಷಗಳಿಂದ ಬದಲಾಗಿಲ್ಲ. ಓನರ್ "ಈಗ ಲಂಡನ್‌ನಲ್ಲಿದ್ದೇನೆ" ಅನ್ನುತ್ತಾರೆ. ಕೀ ಕೊರಿಯರ್‌ನಲ್ಲಿ ಬರುತ್ತದಂತೆ. ಮ್ಯೂನಿಕ್ ನಡುಮಧ್ಯೆ ಒಂದು ರೂಮಿನ ಮನೆ 400 ಯೂರೋಗೆ. ವಿಡಿಯೋ ಕಾಲ್ ಕೇಳಿದರೆ ಕ್ಯಾಮೆರಾ ಕೆಟ್ಟಿರುತ್ತದೆ. ಮೊದಲು ಅಡ್ವಾನ್ಸ್, ಆಮೇಲೆ ಕರಾರು. ಜೊತೆಗೆ ಅವರ ಪಾಸ್‌ಪೋರ್ಟ್ ಫೋಟೋವನ್ನೂ ಕಳಿಸಿ ನಂಬಿಸುತ್ತಾರೆ, ಅದು ಹಿಂದೆ ಮೋಸ ಹೋದ ಇನ್ಯಾರದ್ದೋ ಪಾಸ್‌ಪೋರ್ಟ್ ಇರಬಹುದು. ನೀವಿನ್ನೂ ಊರಲ್ಲಿದ್ದರೆ ಆ ಊರಲ್ಲಿರುವ ಸೀನಿಯರ್ ಒಬ್ಬರನ್ನು ಮನೆ ನೋಡಿ ಬರಲು ಕೇಳಿ. ದೊಡ್ಡ ಊರುಗಳಲ್ಲಿ ಕನ್ನಡ ಸಂಘಗಳ ವಾಟ್ಸಾಪ್ ಗುಂಪುಗಳಿವೆ, ರಾಜ್ಯೋತ್ಸವಕ್ಕೆ ಮಾತ್ರ ನೆನಪಿಸಿಕೊಳ್ಳಬೇಕು ಅಂತೇನಿಲ್ಲ.

ಕೀ ಕೈಗೆ ಬಂದ ದಿನ ಗೋಡೆ, ನೆಲ, ಒಲೆ, ಬಾತ್‌ರೂಮ್, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದು ಓನರ್‌ಗೆ ಅವತ್ತೇ ಮೇಲ್ ಮಾಡಿ. ಮನೆ ಬಿಡುವಾಗ ಅಡ್ವಾನ್ಸ್ ಉಳಿಸುವುದು ಆ ಮೇಲ್. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಿ. ಕುಕ್ಕರ್ ಹಬೆ, ಒಳಗೇ ಒಣ ಹಾಕಿದ ಬಟ್ಟೆ, ಚಳಿ ಅಂತ ಮುಚ್ಚಿಟ್ಟ ಕಿಟಕಿ ಸೇರಿದರೆ ಎರಡೇ ತಿಂಗಳಲ್ಲಿ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ, ಅದರ ಖರ್ಚು ನಿಮ್ಮ ಅಡ್ವಾನ್ಸ್‌ನಿಂದಲೇ ಹೋಗುತ್ತದೆ.

## ಹಂತ 3: ಸಿಟಿ ರಿಜಿಸ್ಟ್ರೇಷನ್

ಮನೆಗೆ ಬಂದ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಅಥವಾ ಬ್ಯುರ್ಗರ್‌ಬ್ಯೂರೋದಲ್ಲಿ ವಿಳಾಸ ದಾಖಲಿಸಬೇಕು. ಇದೇ ಆನ್‌ಮೆಲ್ಡುಂಗ್. ಬೇಕಾದದ್ದು ಮೂರು: ಪಾಸ್‌ಪೋರ್ಟ್ ಮತ್ತು ವೀಸಾ, ತುಂಬಿದ ಅರ್ಜಿ, ಮತ್ತು ಮನೆ ಕೊಟ್ಟವರ ದೃಢೀಕರಣ ಪತ್ರ. ಮೂರನೆಯದು ಬಾಡಿಗೆ ಕರಾರಲ್ಲ, ಬೇರೆಯೇ ಒಂದು ಪುಟದ ಫಾರ್ಮ್, ಹೆಸರು ವೊನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಅದರಲ್ಲಿ ಮನೆ ಕೊಟ್ಟವರ ಹೆಸರು ವಿಳಾಸ, ನಿಮ್ಮ ಹೆಸರು, ಮನೆಗೆ ಬಂದ ದಿನ, ಸಹಿ ಇರಬೇಕು. ಕರಾರಿಗೆ ಸಹಿ ಹಾಕುವಾಗಲೇ ಇದಕ್ಕೂ ಸಹಿ ಹಾಕಿಸಿಕೊಳ್ಳಿ, ಓನರ್ ಮತ್ತೆ ಯಾವಾಗ ಸಿಗುತ್ತಾರೋ ಗೊತ್ತಿಲ್ಲ.

ಅಪಾಯಿಂಟ್‌ಮೆಂಟ್ ಅನ್ನು ಊರಿಂದಲೇ ಹುಡುಕಲು ಶುರು ಮಾಡಿ. ಬರ್ಲಿನ್‌ನಂಥ ಊರಲ್ಲಿ ಯಾವ ಬಡಾವಣೆಯ ಆಫೀಸಾದರೂ ನಡೆಯುತ್ತದೆ, ಮನೆ ಹತ್ತಿರದ್ದೇ ಬೇಕು ಅಂತ ಕೂರಬೇಡಿ. ಬೆಳಿಗ್ಗೆ ಆಫೀಸ್ ತೆರೆಯುವ ಹೊತ್ತಿಗೆ ರದ್ದಾದ ಸ್ಲಾಟ್‌ಗಳು ಕಾಣಿಸುತ್ತವೆ, ಆಗ ಪೇಜ್ ರಿಫ್ರೆಶ್ ಮಾಡುತ್ತಾ ಕೂರಿ. ಎರಡು ವಾರದೊಳಗೆ ಸ್ಲಾಟ್ ಸಿಗದಿದ್ದರೆ ಹುಡುಕಿದ್ದಕ್ಕೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಅರ್ಜಿಯಲ್ಲಿ ಧರ್ಮದ ಕಾಲಂ ಇದೆ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಹುಡುಗ ಹುಡುಗಿಯರು ಇದನ್ನು ಗಮನಿಸಿ: ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಅಂತ ಬರೆದರೆ ಮುಂದೆ ಆದಾಯ ತೆರಿಗೆ ಕಟ್ಟುವ ಸಂಬಳ ಬಂದಾಗ ಆ ತೆರಿಗೆಯ ಮೇಲೆ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆಯೂ ಹಿಡಿಯುತ್ತಾರೆ. ಕಟ್ಟಬೇಕೋ ಬೇಡವೋ ನಿಮಗೆ ಬಿಟ್ಟದ್ದು, ಗೊತ್ತಿದ್ದು ಬರೆಯಿರಿ.

ಇನ್ನು ಹೆಸರಿನ ತಲೆನೋವು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲವೇ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರೋ ಊರ ಹೆಸರೋ ಸೇರಿರುತ್ತದೆ. ಇಲ್ಲಿನ ಸಿಬ್ಬಂದಿ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆ ಬರೆದುಕೊಳ್ಳುತ್ತಾರೆ. ಅವರು ಹೇಗೆ ಬರೆದರೋ ಹಾಗೆಯೇ ಬ್ಯಾಂಕ್, ಇನ್ಶೂರೆನ್ಸ್, ಯೂನಿವರ್ಸಿಟಿ ಎಲ್ಲ ಕಡೆ ಇರಲಿ. ಕೌಂಟರ್ ಬಿಟ್ಟು ಏಳುವ ಮೊದಲು ಕೈಗೆ ಕೊಟ್ಟ ಮೆಲ್ಡೆಬೆಶ್ಟೇಟಿಗುಂಗ್, ಅಂದರೆ ರಿಜಿಸ್ಟ್ರೇಷನ್ ಹಾಳೆಯ ಮೇಲೆ ಹೆಸರು, ಹುಟ್ಟಿದ ದಿನ, ಮನೆ ನಂಬರ್ ಅಕ್ಷರ ಅಕ್ಷರ ಓದಿ. ಅಲ್ಲೇ ತಿದ್ದಿಸುವುದು ಎರಡು ನಿಮಿಷದ ಕೆಲಸ, ಆಮೇಲೆ ಮತ್ತೊಂದು ಅಪಾಯಿಂಟ್‌ಮೆಂಟ್.

ದುಡ್ಡು ಕೊಟ್ಟರೆ ಬರೀ ವಿಳಾಸ ಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ವಾಸ ಇಲ್ಲದ ಮನೆಯಲ್ಲಿ ರಿಜಿಸ್ಟರ್ ಆಗುವುದು ತಪ್ಪು, ಹಾಗೆ ವಿಳಾಸ ಕೊಡುವವರಿಗೆ 50,000 ಯೂರೋವರೆಗೂ ದಂಡ ಇದೆ. ಸಿಕ್ಕಿಬೀಳುವುದಿರಲಿ, ನಿಮ್ಮ ಕಾಗದಗಳೆಲ್ಲ ಬೇರೆಯವರ ಬಾಗಿಲಿಗೆ ಹೋಗುತ್ತವಲ್ಲ!

## ಹಂತ 4: ಪೋಸ್ಟ್ ಡಬ್ಬಿ

ಮಾರ್ಕರ್, ಟೇಪ್ ಈಗ ಬೇಕು. ಇಲ್ಲಿ ಪೋಸ್ಟ್‌ಮ್ಯಾನ್ ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಇರುವುದು ಕಡಿಮೆ. ನಿಮ್ಮ ಹೆಸರು ಡಬ್ಬಿ ಮೇಲೆ ಇಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್. ಹಾಗಾಗಿ ಮನೆಗೆ ಬಂದ ದಿನವೇ ಒಂದು ಚೀಟಿಯಲ್ಲಿ ಸರ್‌ನೇಮ್ ದೊಡ್ಡದಾಗಿ ಬರೆದು, ಮಳೆ ನೀರು ಇಳಿಯದ ಹಾಗೆ ಟೇಪ್ ಹಚ್ಚಿ, ಡಬ್ಬಿಗೂ ಕಾಲಿಂಗ್ ಬೆಲ್‌ಗೂ ಅಂಟಿಸಿ. ಸರ್‌ನೇಮ್ ಖಾಲಿ ಇರುವವರು ಪೂರ್ತಿ ಹೆಸರನ್ನೇ ಬರೆಯಿರಿ. ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಡೆಬಿಟ್ ಕಾರ್ಡ್, ಅದರ ಪಿನ್, ಇನ್ಶೂರೆನ್ಸ್ ಕಾರ್ಡ್, ಟ್ಯಾಕ್ಸ್ ನಂಬರ್ ಎಲ್ಲ ಬರುವುದು ಈ ತಗಡಿನ ಡಬ್ಬಿಗೇ.

ರಿಜಿಸ್ಟರ್ ಆದ ಎರಡರಿಂದ ನಾಲ್ಕು ವಾರದಲ್ಲಿ 11 ಅಂಕಿಯ ಟ್ಯಾಕ್ಸ್ ಐಡಿ ತಾನಾಗಿಯೇ ಬರುತ್ತದೆ. ಅದು ಜೀವಮಾನಕ್ಕೆ ಒಂದೇ. ಕಳೆದುಕೊಂಡರೆ ಫೋನಲ್ಲಿ ಹೇಳಲ್ಲ, ಮತ್ತೆ ಪೋಸ್ಟ್‌ನಲ್ಲೇ ಕಳಿಸುತ್ತಾರೆ.

ಸರ್ಕಾರಿ ಕಚೇರಿಯಿಂದ ಹಳದಿ ಲಕೋಟೆ ಬಂದರೆ ಅವತ್ತೇ ಒಡೆಯಿರಿ. ಅದರ ಮೇಲೆ ಪೋಸ್ಟ್‌ಮ್ಯಾನ್ ಪೆನ್ನಲ್ಲಿ ತಾರೀಖು ಬರೆದಿರುತ್ತಾರೆ, ಗಡುವಿನ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ. ನೀವು ಓದಿದ ದಿನದಿಂದಲ್ಲ. ಲಕೋಟೆಯನ್ನು ಕಾಗದದ ಜೊತೆಗೇ ಇಟ್ಟುಕೊಳ್ಳಿ. ಜರ್ಮನ್ ಓದೋಕೆ ಬರಲ್ಲ ಅಂತ ಕಾಗದಗಳನ್ನು ಮೇಜಿನ ಮೇಲೆ ಗುಡ್ಡೆ ಹಾಕುವ ಅಭ್ಯಾಸ ಬೇಡ. ಫೋನ್‌ನಲ್ಲಿ ಅನುವಾದ ಮಾಡಿ ನೋಡಿ, ತಾರೀಖು ಮತ್ತು ಮೊತ್ತ ಎಲ್ಲಿದೆ ಅಂತ ಮೊದಲು ಹುಡುಕಿ, ಆಮೇಲೆ ಎರಡು ತೂತಿನ ದಪ್ಪ ಫೈಲಿಗೆ ಸೇರಿಸಿ. ಆ ಫೈಲು ಯಾವ ಸೂಪರ್ ಮಾರ್ಕೆಟ್‌ನಲ್ಲಾದರೂ ಸಿಗುತ್ತೆ.

## ಹಂತ 5: ಬ್ಯಾಂಕ್, ಬ್ಲಾಕ್ಡ್ ಅಕೌಂಟ್

2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕಾದ ಮೊತ್ತ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಅದು ನೇರ ಕೈಗೆ ಬರಲ್ಲ, ನಿಮ್ಮ ಹೆಸರಿನ ಮಾಮೂಲಿ ಕರೆಂಟ್ ಅಕೌಂಟ್‌ಗೆ ಪ್ರತಿ ತಿಂಗಳು ಬರುತ್ತದೆ. ಹಾಗಾಗಿ ಸರತಿ ಹೀಗೆ: ರಿಜಿಸ್ಟ್ರೇಷನ್ ಹಾಳೆ, ಕರೆಂಟ್ ಅಕೌಂಟ್, ಅದರ ಐಬಾನ್ ನಂಬರ್ (ಇಲ್ಲಿನ ಖಾತೆ ಸಂಖ್ಯೆ) ಅನ್ನು ಬ್ಲಾಕ್ಡ್ ಅಕೌಂಟ್ ಕಂಪನಿಯ ಆ್ಯಪ್‌ಗೆ ಹಾಕುವುದು, ಜೊತೆಗೆ ಅವರು ಕೇಳುವ ಪಾಸ್‌ಪೋರ್ಟ್, ವೀಸಾ, ರಿಜಿಸ್ಟ್ರೇಷನ್ ಪ್ರತಿ.

ಶ್ಪಾರ್‌ಕಾಸೆಯಂಥ ಬ್ರಾಂಚ್ ಇರುವ ಬ್ಯಾಂಕ್‌ನಲ್ಲಿ ವಿದ್ಯಾರ್ಥಿ ಖಾತೆಗೆ ಸಾಮಾನ್ಯವಾಗಿ ಚಾರ್ಜ್ ಇರಲ್ಲ, ಮುಖ ನೋಡಿ ಮಾತಾಡಬಹುದು. ಆ್ಯಪ್ ಬ್ಯಾಂಕ್‌ಗಳು ಬೇಗ ಆಗುತ್ತವೆ, ಆದರೆ ವಿಡಿಯೋದಲ್ಲಿ ನಮ್ಮ ಪಾಸ್‌ಪೋರ್ಟ್ ಒಪ್ಪದಿದ್ದರೆ ಪೋಸ್ಟ್ ಆಫೀಸಿಗೆ ಹೋಗಿ ಗುರುತು ತೋರಿಸುವ ದಾರಿ ಇದೆಯಾ ನೋಡಿ.

ಖಾತೆಯ ಹೆಸರಿನಲ್ಲಿ ಒಂದು ಅಕ್ಷರ ಬೇರೆ ಇದ್ದರೂ ಹಣ ತಡೆಯಬಹುದು. ಮೊದಲ 992 ಬಂದ ತಕ್ಷಣ ಬಾಡಿಗೆ ಮತ್ತು ಇನ್ಶೂರೆನ್ಸ್ ಎರಡನ್ನೂ ಆಟೊ ಡೆಬಿಟ್‌ಗೆ ಹಾಕಿಬಿಡಿ. ಇನ್ಶೂರೆನ್ಸ್ ಕಂತು ಬಾಕಿ ಬಿಟ್ಟರೆ ಸಂಸ್ಥೆ ಯೂನಿವರ್ಸಿಟಿಗೆ ತಿಳಿಸುತ್ತದೆ, ಮುಂದಿನ ಸೆಮಿಸ್ಟರ್‌ಗೆ ಅದೇ ಅಡ್ಡಗಾಲು.

## ಹಂತ 6: ರೆಸಿಡೆನ್ಸ್ ಪರ್ಮಿಟ್

ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳದ್ದು. ಅದರ ಮೇಲಿನ ಕೊನೇ ದಿನ ಇವತ್ತೇ ಫೋನ್ ಕ್ಯಾಲೆಂಡರ್‌ಗೆ ಹಾಕಿ, ಅದಕ್ಕೆ ಎರಡು ತಿಂಗಳು ಮೊದಲು ಒಂದು ಅಲಾರಂ ಇಡಿ. ಓದುವಷ್ಟು ಕಾಲ ಇರುವುದಕ್ಕೆ ಔಸ್‌ಲೆಂಡರ್‌ಬೆಹೋರ್ಡೆ ಎಂಬ ವಿದೇಶಿಯರ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಸಿಟಿ ರಿಜಿಸ್ಟ್ರೇಷನ್ ಆದ ವಾರವೇ ಹಾಕಿ.

ಜೊತೆಗೆ ಬೇಕಾದದ್ದು: ಪಾಸ್‌ಪೋರ್ಟ್, ರಿಜಿಸ್ಟ್ರೇಷನ್ ಹಾಳೆ, ಎನ್‌ರೋಲ್‌ಮೆಂಟ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಪತ್ರ, ಬ್ಲಾಕ್ಡ್ ಅಕೌಂಟ್‌ನಲ್ಲಿ ಉಳಿದ ಮೊತ್ತ, ಬಾಡಿಗೆ ಕರಾರು, ಫೋಟೋ. 2025ರ ಮೇ ತಿಂಗಳಿಂದ ಫೋಟೋ ಡಿಜಿಟಲ್ ಆಗಿಯೇ ಬೇಕು. ಊರಿಂದ ತಂದ ಫೋಟೋಗಳು ಇದಕ್ಕೆ ನಡೆಯಲ್ಲ. ಡಿಎಂ ಅಂಗಡಿಯಲ್ಲೋ ಸ್ಟುಡಿಯೋದಲ್ಲೋ ತೆಗೆಸಿದರೆ ಒಂದು ಕೋಡ್ ಇರುವ ಚೀಟಿ ಕೊಡುತ್ತಾರೆ, ಕಚೇರಿಯಲ್ಲಿ ಅದನ್ನು ಸ್ಕ್ಯಾನ್ ಮಾಡುತ್ತಾರೆ. ಮೊದಲ ಸಲದ ಶುಲ್ಕ 100 ಯೂರೋವರೆಗೆ. ಪರ್ಮಿಟ್ ಬರುವುದು ಒಂದು ಕಾರ್ಡ್ ರೂಪದಲ್ಲಿ. ಆ ಕಾರ್ಡ್ ಬರ್ಲಿನ್‌ನ ಮುದ್ರಣಾಲಯದಿಂದ ಬರಬೇಕು, ಬೆರಳಚ್ಚು ಕೊಟ್ಟ ಮೇಲೂ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಗಮನವಿಟ್ಟು ಓದಬೇಕಾದದ್ದು ಇದು. ವೀಸಾ ಮುಗಿಯುವ ಮೊದಲು ಅರ್ಜಿ ಹಾಕಿದರೆ ತೀರ್ಮಾನ ಆಗುವವರೆಗೆ ನಿಮ್ಮ ಹಳೇ ಹಕ್ಕು ಮುಂದುವರಿಯುತ್ತದೆ. ಅಪಾಯಿಂಟ್‌ಮೆಂಟ್ ವೀಸಾ ಮುಗಿದ ಮೇಲೆ ಸಿಕ್ಕರೂ ಪರವಾಗಿಲ್ಲ, ಆದರೆ ಅರ್ಜಿ ಮೊದಲೇ ತಲುಪಿರಬೇಕು. ಆನ್‌ಲೈನ್ ಪೋರ್ಟಲ್ ಇದ್ದರೆ ಅಲ್ಲಿ ಹಾಕಿ ರಸೀದಿ ಪಿಡಿಎಫ್ ಇಳಿಸಿಕೊಳ್ಳಿ. ಪೋರ್ಟಲ್ ಇಲ್ಲದಿದ್ದರೆ ಫಾರ್ಮ್ ತುಂಬಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ಮೇಲ್ ಕೂಡ ಮಾಡಿ. ಬರೀ "ಅಪಾಯಿಂಟ್‌ಮೆಂಟ್ ಕೊಡಿ" ಅನ್ನುವ ಮೇಲ್ ಅರ್ಜಿ ಅನ್ನಿಸಿಕೊಳ್ಳುತ್ತೆ ಅಂತ ನಂಬಿ ಕೂರಬೇಡಿ.

ಅಕ್ಕನ ಮದುವೆಗೆ ಬರೋಣ. ವೀಸಾ ಮುಗಿದು ಕಾರ್ಡ್ ಬಂದಿಲ್ಲದಿದ್ದರೆ ಊರಿಗೆ ಹೋಗುವುದು ಸಲೀಸು, ವಾಪಸ್ ಬರುವುದೇ ಕಷ್ಟ. ಬರೀ ಅರ್ಜಿಯ ರಸೀದಿ ತೋರಿಸಿದರೆ ಬೆಂಗಳೂರು ಏರ್‌ಪೋರ್ಟ್‌ನಲ್ಲಿ ವಿಮಾನ ಹತ್ತಿಸಲ್ಲ. ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಬೇಕು. ಅದರಲ್ಲೂ ರೆಸಿಡೆನ್ಸ್ ಕಾನೂನಿನ 81ನೇ ಸೆಕ್ಷನ್‌ನ 4ನೇ ಉಪವಿಭಾಗಕ್ಕೆ ಗುರುತು ಹಾಕಿರಬೇಕು, 3ನೆಯದಕ್ಕೆ ಹಾಕಿದ್ದರೆ ಅದರ ಮೇಲೆ ಮತ್ತೆ ಒಳಗೆ ಬರಲಾಗದು. ಟಿಕೆಟ್ ಬುಕ್ ಮಾಡುವ ಮೊದಲು ಈ ಗುರುತು ನೋಡಿ. ಮಧ್ಯಪ್ರಾಚ್ಯದ ಮೂಲಕ ಹೋಗುವ ವಿಮಾನವಾದರೆ ಏರ್‌ಲೈನ್‌ಗೂ ಬರೆದು ಕೇಳಿ. ಮದುವೆ ತಾರೀಖು ಮೊದಲೇ ಗೊತ್ತಿದ್ದರೆ ಅಕ್ಟೋಬರ್‌ನಲ್ಲೇ ಕಚೇರಿಗೆ ಲಗ್ನಪತ್ರಿಕೆ ಸಮೇತ ಬರೆಯಿರಿ, ಕೆಲವು ಕಡೆ ನಮ್ಮ ಮಾತು ಕೇಳುತ್ತಾರೆ, ಕೆಲವು ಕಡೆ ಕೇಳಲ್ಲ.

ಮುಂದಿನ ಸಲ ಕಾರ್ಡ್ ನವೀಕರಿಸುವಾಗ ಮತ್ತೆ ಹಣದ ಪುರಾವೆ ಕೇಳುತ್ತಾರೆ. ಮೊದಲ ವರ್ಷದ ಹಣ ಪೂರ್ತಿ ಖಾಲಿ ಮಾಡಿ "ಪಾರ್ಟ್ ಟೈಮ್ ಸಿಗುತ್ತೆ" ಅಂತ ಬಂದವರು ಒದ್ದಾಡುವುದು ಇಲ್ಲೇ.

## ಹಂತ 7: ಪರೀಕ್ಷೆಗೆ ಹೆಸರು ಕೊಡುವುದು

ನಮ್ಮಲ್ಲಿ ಫೀಸ್ ಕಟ್ಟಿ ಅಟೆಂಡೆನ್ಸ್ ಇದ್ದರೆ ಹಾಲ್ ಟಿಕೆಟ್ ಬರುತ್ತದೆ. ಇಲ್ಲಿ ಕ್ಲಾಸಿಗೆ ಬಂದರೂ ಬರದಿದ್ದರೂ ಯಾರೂ ಕೇಳಲ್ಲ, ಪರೀಕ್ಷೆಗೆ ನೀವೇ ಹೆಸರು ಕೊಡಬೇಕು. ಮೂಡಲ್ ಎಂಬ ಯೂನಿವರ್ಸಿಟಿ ಸೈಟ್‌ನಲ್ಲಿ ಕೋರ್ಸ್‌ಗೆ ಸೇರಿದರೆ ಸ್ಲೈಡ್‌ಗಳು ಸಿಗುತ್ತವೆ ಅಷ್ಟೆ. ಪರೀಕ್ಷೆಯ ನೋಂದಣಿ ಬೇರೆ ಪೋರ್ಟಲ್‌ನಲ್ಲಿ, ಬೇರೆ ಗಡುವಿಗೆ. ಎಷ್ಟೋ ಕಡೆ ಅದು ಕ್ರಿಸ್‌ಮಸ್‌ಗೂ ಮೊದಲೇ ಮುಗಿಯುತ್ತದೆ, ಪರೀಕ್ಷೆ ಮಾತ್ರ ಫೆಬ್ರವರಿಯಲ್ಲಿ. ಗಡುವು ತಪ್ಪಿದರೆ ಪ್ರೊಫೆಸರ್ ಒಳ್ಳೆಯವರಾದರೂ ಏನೂ ಮಾಡಲಾಗಲ್ಲ.

ಮೊದಲ ವಾರ ಕೂತು ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿ, ಅಂದರೆ ಪ್ರ್ಯೂಫುಂಗ್ಸ್‌ಓರ್ಡ್‌ನುಂಗ್ ಓದಿ. ಇಂಗ್ಲಿಷ್ ಅನುವಾದ ಇದ್ದೇ ಇರುತ್ತದೆ ಅಂತೇನಿಲ್ಲ. ಹುಡುಕಬೇಕಾದದ್ದು: ಎಷ್ಟು ಸಲ ಬರೆಯಬಹುದು, ಹೆಸರು ವಾಪಸ್ ತೆಗೆಯಲು ಕೊನೇ ದಿನ ಯಾವುದು, ಮೊದಲ ವರ್ಷ ಇಷ್ಟು ಕ್ರೆಡಿಟ್ ಬೇಕೇ ಬೇಕು ಅಂತ ಇದೆಯಾ. ಹೆಚ್ಚಿನ ಕಡೆ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೇ ಸಲವೂ ಫೇಲಾದರೆ ಆ ಕೋರ್ಸ್‌ನಿಂದಲೇ ಹೊರಗೆ. ಅದೇ ಕೋರ್ಸಿಗೆ ಬೇರೆ ಜರ್ಮನ್ ಯೂನಿವರ್ಸಿಟಿಯೂ ಸಾಮಾನ್ಯವಾಗಿ ತಗೊಳ್ಳಲ್ಲ. ವಿಟಿಯು ಬ್ಯಾಕ್‌ಲಾಗ್ ಥರ ಆಮೇಲೆ ನೋಡಿಕೊಳ್ಳೋಣ ಅನ್ನುವ ಲೆಕ್ಕ ಇಲ್ಲಿ ಬಹಳ ದುಬಾರಿ.

ಸುಮ್ನೆ ಒಮ್ಮೆ ಬರೆದು ನೋಡೋಣ ಅಂತ ಕೂತರೂ ಒಂದು ಅವಕಾಶ ಹೋಯಿತು. ತಯಾರಿ ಇಲ್ಲದಿದ್ದರೆ ಗಡುವಿನೊಳಗೆ ಹೆಸರು ತೆಗೆಯಿರಿ. ಪರೀಕ್ಷೆ ದಿನ ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ ಸರ್ಟಿಫಿಕೇಟ್ ತಂದು ಪರೀಕ್ಷಾ ಕಚೇರಿಗೆ ಕೊಡಬೇಕು, ಮಾರನೇ ದಿನದ ಸರ್ಟಿಫಿಕೇಟ್ ನಡೆಯದೇ ಹೋಗಬಹುದು. ಕ್ಲಿನಿಕ್ ಮುಚ್ಚಿದ್ದರೆ 116117ಕ್ಕೆ ಫೋನ್ ಮಾಡಿದರೆ ಡ್ಯೂಟಿ ಡಾಕ್ಟರ್ ಎಲ್ಲಿದ್ದಾರೆ ಅಂತ ಹೇಳುತ್ತಾರೆ.

ಮಾರ್ಕ್ಸ್ ನೋಡಿ ಗಾಬರಿಯಾಗಬೇಡಿ. 1.0 ಅತ್ಯುತ್ತಮ, 4.0 ಪಾಸ್, 5.0 ಫೇಲ್. ಊರಲ್ಲಿ ಅಮ್ಮನಿಗೆ ಹೇಳುವಾಗ ಇದನ್ನು ಮೊದಲೇ ವಿವರಿಸಿ.

## ಹಂತ 8: ಕೆಲಸ

ಕಾರ್ಡ್‌ನಲ್ಲಿ ಬರೆದಂತೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, 2024ರ ಮಾರ್ಚ್‌ನಿಂದ ಈ ಲೆಕ್ಕ. ಯೂನಿವರ್ಸಿಟಿಯೊಳಗಿನ ವಿದ್ಯಾರ್ಥಿ ಸಹಾಯಕರ ಕೆಲಸ ಈ ದಿನಗಳಲ್ಲಿ ಸೇರಲ್ಲ. ಆದರೆ ಇನ್ಶೂರೆನ್ಸ್‌ನ ವಿದ್ಯಾರ್ಥಿ ದರ ಉಳಿಯಬೇಕಾದರೆ ಕ್ಲಾಸ್ ನಡೆಯುವ ತಿಂಗಳಲ್ಲಿ ವಾರಕ್ಕೆ 20 ಗಂಟೆ ಮೀರಬಾರದು. ಎರಡು ನಿಯಮ ಬೇರೆ ಬೇರೆ, ಎರಡನ್ನೂ ನೋಡಿಕೊಳ್ಳಬೇಕು.

2026ರಲ್ಲಿ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ, ಮಿನಿ ಜಾಬ್ ಅನ್ನುವ ಸಣ್ಣ ಪಾರ್ಟ್ ಟೈಮ್ ಕೆಲಸದ ಸಂಬಳದ ಮಿತಿ ತಿಂಗಳಿಗೆ 603. ಕನಿಷ್ಠ ಕೂಲಿಗಿಂತ ಕಡಿಮೆ ಕೊಡುತ್ತೇನೆ, ಕೈಗೆ ಕ್ಯಾಶ್ ಕೊಡುತ್ತೇನೆ ಅನ್ನುವ ನಮ್ಮವರ ರೆಸ್ಟೋರೆಂಟ್ ಆದರೂ ಬೇಡ. ಬರವಣಿಗೆಯಲ್ಲಿ ಕರಾರು ಕೇಳಿ. ಫ್ರೀಲಾನ್ಸ್ ಕೆಲಸಕ್ಕೆ ಈ ಪರ್ಮಿಟ್ ಸಾಲದು, ಬಿಲ್ ಹಾಕಿ ದುಡ್ಡು ತಗೊಳ್ಳುವ ಯಾವ ಕೆಲಸಕ್ಕೂ ವಿದೇಶಿಯರ ಕಚೇರಿಯ ಒಪ್ಪಿಗೆ ಬೇಕು. ಟ್ಯಾಕ್ಸ್ ಐಡಿ ಕೊಡದೆ ಸೇರಿದರೆ ಜಾಸ್ತಿ ತೆರಿಗೆ ಹಿಡಿಯುತ್ತಾರೆ, ಮುಂದಿನ ವರ್ಷ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು.

ಮೊದಲ ಸೆಮಿಸ್ಟರ್ ಕೆಲಸ ಬೇಡ ಅನ್ನುವುದು ನನ್ನ ಅಭಿಪ್ರಾಯ. ಲೋನ್ ಇರುವವರಿಗೆ ಇದು ಹೇಳಿದಷ್ಟು ಸುಲಭ ಅಲ್ಲ ಅಂತ ಗೊತ್ತು.

## ಹಂತ 9: ಹಿಂದಿನಿಂದ ಬರುವ ಬಿಲ್‌ಗಳು

ಟಿವಿ ಇಲ್ಲದಿದ್ದರೂ ರೇಡಿಯೋ-ಟಿವಿ ಶುಲ್ಕದ ಕಾಗದ ಬರುತ್ತದೆ, ಮೋಸ ಅಂತ ಹರಿದು ಹಾಕಬೇಡಿ. ಮನೆಗೆ ತಿಂಗಳಿಗೆ 18.36 ಯೂರೋ. ಶೇರ್ ಮನೆಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ಉತ್ತರಿಸಿ, ಹಂಚಿಕೊಳ್ಳಿ. ಹಾಸ್ಟೆಲ್‌ನಲ್ಲಿ ರೂಮಿನ ಬಾಗಿಲು ಎಲ್ಲರೂ ಓಡಾಡುವ ಕಾರಿಡಾರ್‌ಗೆ ತೆರೆದರೆ ಪ್ರತಿ ರೂಮೂ ಒಂದೊಂದು ಮನೆ ಅಂತ ಲೆಕ್ಕ.

ವರ್ಷಕ್ಕೆ ಐವತ್ತು ಯೂರೋ ಆಸುಪಾಸಿನ ಹಾಫ್ಟ್‌ಫ್ಲಿಖ್ಟ್ ಇನ್ಶೂರೆನ್ಸ್ (ನಿಮ್ಮಿಂದ ಬೇರೆಯವರಿಗೆ ಆದ ನಷ್ಟ ಭರಿಸುವುದು) ಮಾಡಿಸಿ, ಬಾಡಿಗೆ ಮನೆ ಕೀ ಕಳೆದರೂ ಅದರಲ್ಲಿ ಸೇರುತ್ತಾ ಅಂತ ನೋಡಿ. ಹಾಸ್ಟೆಲ್ ಕೀ ಒಂದು ಕಳೆದರೆ ಇಡೀ ಕಟ್ಟಡದ ಬೀಗ ಬದಲಿಸುವ ಬಿಲ್ ಬರಬಹುದು.

ದೇಶದ ಎಲ್ಲ ಕಡೆ ಲೋಕಲ್ ಬಸ್ಸು ರೈಲುಗಳಲ್ಲಿ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ, ಆದರೆ ಎಷ್ಟೋ ಯೂನಿವರ್ಸಿಟಿಗಳಲ್ಲಿ ಸೆಮಿಸ್ಟರ್ ಫೀ ಒಳಗೇ ಕಡಿಮೆ ದರದಲ್ಲಿ ಸಿಗುತ್ತದೆ, ಮೊದಲು ಅದನ್ನು ನೋಡಿ. ಆ ಟಿಕೆಟ್ ಇಟ್ಟುಕೊಂಡು ಐಸಿಇ ಎಂಬ ಫಾಸ್ಟ್ ರೈಲು ಹತ್ತಬೇಡಿ. ಟಿಕೆಟ್ ಇಲ್ಲದೆ ಬಸ್ಸು ಟ್ರಾಮ್‌ನಲ್ಲಿ ಸಿಕ್ಕರೆ 60 ಯೂರೋ ದಂಡ.

ಪೊಲೀಸ್ ಅಥವಾ ಯೂರೋಪೋಲ್ ಅಂತ ಹೇಳಿಕೊಂಡು ಫೋನ್‌ನಲ್ಲಿ ಹಣ ಕೇಳಿದರೆ ಕಟ್ ಮಾಡಿ. ಇಲ್ಲಿ ಸರ್ಕಾರಿ ಬೇಡಿಕೆ ಏನಿದ್ದರೂ ಕಾಗದದಲ್ಲೇ ಬರುತ್ತದೆ.

ಜನವರಿಯಿಂದ ಫೆಬ್ರವರಿ ಒಳಗೆ, ಪರೀಕ್ಷೆ ಗಲಾಟೆಯಲ್ಲಿ ಇರುವಾಗಲೇ, ಮುಂದಿನ ಸೆಮಿಸ್ಟರ್‌ನ ಫೀ ಕಟ್ಟಬೇಕು. ಇದಕ್ಕೆ ರ್‍ಯೂಕ್‌ಮೆಲ್ಡುಂಗ್ ಅಂತಾರೆ. ತಾರೀಖು ಪ್ರತಿ ಯೂನಿವರ್ಸಿಟಿಗೂ ಬೇರೆ, ನೆನಪಿಸುವ ಮೇಲ್ ಯೂನಿವರ್ಸಿಟಿ ಇನ್‌ಬಾಕ್ಸ್‌ಗೆ ಬರುತ್ತದೆ, ಜಿಮೇಲ್‌ಗೆ ಅಲ್ಲ. ಕಟ್ಟದಿದ್ದರೆ ಹೆಸರು ತೆಗೆಯುತ್ತಾರೆ. ಹೆಸರು ಹೋದರೆ ಪರ್ಮಿಟ್‌ಗೆ ಇರುವ ಆಧಾರವೂ ಹೋಯಿತು. ಹಣ ಕಳಿಸುವಾಗ ಪೋರ್ಟಲ್‌ನಲ್ಲಿ ಕೊಟ್ಟ ರೆಫರೆನ್ಸ್ ನಂಬರ್ ಅನ್ನು ಚುಕ್ಕಿ, ಗೆರೆ ಏನೂ ಬಿಡದೆ ಹಾಗೆಯೇ ಹಾಕಿ. ವಾರ ಕಳೆದ ಮೇಲೆ ಪೋರ್ಟಲ್‌ನಲ್ಲಿ ಬೇಸಿಗೆ ಸೆಮಿಸ್ಟರ್‌ನ ಎನ್‌ರೋಲ್‌ಮೆಂಟ್ ಸರ್ಟಿಫಿಕೇಟ್ ಇಳಿಸಲು ಆಗುತ್ತಾ ನೋಡಿ. ಆಗದಿದ್ದರೆ ಗಡುವು ಮುಗಿಯುವ ಮೊದಲೇ ಬ್ಯಾಂಕ್ ರಸೀದಿ ಹಿಡಿದು ಸ್ಟೂಡೆಂಟ್ ಆಫೀಸಿಗೆ ಹೋಗಿ.